ನಾಲ್ಕೂವರೆ ಇಂಚಿನ ಗೋಡೆ, ಎರಡು ಮೌಸು

ಸೂಳಗಿರಿಯ ನಾರಾಯಣಪ್ಪನ ಮನೆಯ ನಕ್ಷೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಸುಬ್ಬರಾಮನ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು. ಇಪ್ಪತ್ತೊಂಬತ್ತು ವರ್ಷ ಹೊಸೂರಿನ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ದುಡಿದವನು ಅವನು. ನಿವೃತ್ತನಾದ ಮೇಲೆ ಅವಲಪಲ್ಲಿಯ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಕೇಳಿದವರಿಗೆ ಮನೆಯ ನಕ್ಷೆ ಬರೆದುಕೊಡುತ್ತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಮೌಸ್ ಹಿಡಿದರೆ ಸಂಜೆ ಐದಕ್ಕೇ ಬಿಡುವುದು. ಡಾಕ್ಟರು ಅವನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾತ್ರೆ ಬೇಡ ಸಾರ್, ಮೌಸ್ ಬದಲಾಯಿಸಿ. ವೈರ್ ಇಲ್ಲದ್ದು, ಕೈಗೆ ಸುಖವಾಗಿರೋದು ತಗೊಳ್ಳಿ" ಎಂದರು.

ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಒಂದು ಮೌಸ್ ತರುತ್ತಿದ್ದರು. ಸುಬ್ಬರಾಮ ಮೊದಲು ತನ್ನ ಕೈಯ ನಕ್ಷೆ ಬರೆದ. ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಮೇಲಿಂದ ಕಾಣುವ ಹಾಗೆ ಒಂದು, ಪಕ್ಕದಿಂದ ಕಾಣುವ ಹಾಗೆ ಒಂದು, ಮಣಿಕಟ್ಟಿನಲ್ಲಿ ಅಡ್ಡಕ್ಕೆ ಕೊಯ್ದರೆ ಕಾಣುವ ಹಾಗೆ ಇನ್ನೊಂದು, ಹೀಗೆ ಮೂರು ಚಿತ್ರ ಮಾಡಿದ. ಅಳತೆಗಳನ್ನೆಲ್ಲ ಮಿಲಿಮೀಟರಿನಲ್ಲಿ ಬರೆದ. ಕನ್ನಡ ಶಾಲೆಯಲ್ಲಿ ಇನ್ನೂ ಟೀಚರ್ ಕೆಲಸದಲ್ಲಿದ್ದ ಹೆಂಡತಿ ಕಾಮಾಕ್ಷಮ್ಮ ಆ ಕಾಗದವನ್ನು ನೋಡಿ, "ಮಣಿಕಟ್ಟು ಕೊಯ್ದಿರೋದು ಮಾತ್ರ ಅಂಗಡಿಯವನಿಗೆ ತೋರಿಸ್ಬೇಡಿ. ಪಾಪ, ಮಧ್ಯಾಹ್ನ ಊಟ ಮಾಡ್ಬೇಕು ಅವನು" ಎಂದಳು.

ಬಾಗಲೂರು ರಸ್ತೆಯಲ್ಲಿ ರಾಮಮೂರ್ತಿಯ ಕಂಪ್ಯೂಟರ್ ಅಂಗಡಿ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಒಂದೇ ವೇಗದಲ್ಲಿ ವ್ಯಾಪಾರ ಮಾಡುವ ಮನುಷ್ಯ ಅವನು. ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನ್ ಸಾರ್ ಇದು? ಮೌಸ್ ತಗೊಳ್ಳೋಕೆ ಬಂದ್ರಾ, ಕೈ ಸೈಟಿಗೆ ಪ್ಲಾನ್ ಪಾಸ್ ಮಾಡ್ಸೋಕೆ ಬಂದ್ರಾ?"

"ದಿನಬಳಕೆಗೆ ಬೇಕಪ್ಪ. ದಿನಾ ಏನೇನು ಮಾಡ್ತೀನೋ ಅದನ್ನೆಲ್ಲ ಮಾಡಿ ನೋಡ್ದೆ ತಗೊಳ್ಳಲ್ಲ."

"ಪರವಾಯಿಲ್ಲೆ ಸಾರ್, ಮಾಡಿ ನೋಡಿ" ಎಂದ ರಾಮಮೂರ್ತಿ. ಆ ಮಾತು ಎಷ್ಟು ದೂರ ಹೋಗುತ್ತದೆಂದು ಅವನಿಗೆ ಆಗ ತಿಳಿದಿರಲಿಲ್ಲ.

ಮೊದಲನೆಯ ಮೌಸ್ ಚಪ್ಪಟೆಯಾಗಿ ತಟ್ಟಿದ ರೊಟ್ಟಿಯಂತಿತ್ತು. ಎರಡನೆಯದನ್ನು ಹಿಡಿದರೆ ಯಾರೋ ಕೈಕುಲುಕಲು ಕೈ ಚಾಚಿದ ಹಾಗಿತ್ತು, ಬಿಡುವುದು ಮರ್ಯಾದೆಯಲ್ಲ ಅನ್ನಿಸುತ್ತಿತ್ತು. ಮೂರನೆಯದರ ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಪ್ರತಿಯೊಂದನ್ನೂ ಸುಬ್ಬರಾಮ ತನ್ನ ದಿನಚರಿಗೆ ಒಡ್ಡಿದ. ಬಲಗೈಯಲ್ಲಿ ಮೌಸ್ ಹಿಡಿದೇ ಎಡಗೈಯಲ್ಲಿ ಕಾಫಿ ಕುಡಿದ. ಫೋನಿನಲ್ಲಿ ಮಾತಾಡಿದ. ಒಂದು ಸಲ ಸಿಟ್ಟಿನಿಂದ ಮೇಜು ಕುಟ್ಟಿದ. ಕೊನೆಗೆ, "ಊಟ ಆದ್ಮೇಲೆ ಕೂತಲ್ಲೇ ಹದಿನೈದು ನಿಮಿಷ ತೂಕಡಿಸ್ತೀನಿ, ಕೈ ಮೌಸ್ ಮೇಲೇ ಇರುತ್ತೆ. ಅದನ್ನೂ ನೋಡ್ಬೇಕು" ಎಂದ. ರಾಮಮೂರ್ತಿ ಬೆನ್ನಿಗೆ ಒಂದು ದಿಂಬು ತಂದುಕೊಟ್ಟ. ಮೌಸ್ ಒಂದಕ್ಕೆ ಹದಿನೈದು ನಿಮಿಷದಂತೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಸುಬ್ಬರಾಮ ತೂಕಡಿಸಿದ. ಬಂದ ಗಿರಾಕಿಗಳು ದನಿ ತಗ್ಗಿಸಿ ಪೆನ್‌ಡ್ರೈವ್ ಕೇಳಿ ಕೊಂಡುಹೋದರು.

ಏಳನೆಯ ಮೌಸಿನಲ್ಲಿ ತೂಕಡಿಕೆ ನಿಜವಾದ ನಿದ್ದೆಗೆ ತಿರುಗಿತು. ಎದ್ದಾಗ ಹೆಬ್ಬೆರಳಿನಲ್ಲಿ ನೋವಿರಲಿಲ್ಲ. "ಇದೇ" ಎಂದು ಕಣ್ಣು ಬಿಟ್ಟ. ಎದುರಿನ ಸ್ಟೂಲಿನಲ್ಲಿ ಪಕ್ಕದ ಮನೆಯ ಗಂಗರತ್ನಮ್ಮ ಕೂತಿದ್ದಳು. ಆಕೆಯ ಕೈಯಲ್ಲೂ ಅದೇ ಮೌಸ್, ಅದೇ ಬೂದು ಬಣ್ಣ.

ಗಂಗರತ್ನಮ್ಮ ಅಂಚೆ ಕಚೇರಿಯಲ್ಲಿ ಮೊಹರು ಒತ್ತಿ ಒತ್ತಿ ನಿವೃತ್ತಳಾದವಳು. ಈಗ ಕಂಪ್ಯೂಟರಿನಲ್ಲಿ ಒಬ್ಬಳೇ ಕೂತು ಇಸ್ಪೀಟು ಆಡುವುದು ಆಕೆಯ ದಿನಚರಿ. ಆಕೆಗೂ ಸುಬ್ಬರಾಮನಿಗೂ ಆರು ವರ್ಷದಿಂದ ಮಾತಿಲ್ಲ. ಕಾರಣ, ಆಕೆಯ ಮನೆಗೆ ನಕ್ಷೆ ಬರೆದವನು ಅವನೇ. ಆ ಮನೆಯಲ್ಲಿ ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುತ್ತಿತ್ತು, ಅಡುಗೆಮನೆಯದೂ ಹೊರಕ್ಕೇ ತೆರೆಯುತ್ತಿತ್ತು. ಎರಡನ್ನೂ ಒಟ್ಟಿಗೆ ತೆರೆದರೆ ಒಂದಕ್ಕೊಂದು ಸಿಕ್ಕಿಕೊಂಡು ಒಳಗಿದ್ದವರು ಒಳಗೇ ಉಳಿಯುತ್ತಿದ್ದರು. ಗೃಹಪ್ರವೇಶದ ದಿನ ಪುರೋಹಿತರು ಹೀಗೆ ಬಚ್ಚಲಲ್ಲಿ ಇಪ್ಪತ್ತು ನಿಮಿಷ ಉಳಿದಿದ್ದರು. ಸುಬ್ಬರಾಮ "ಒಂದೊಂದಾಗಿ ತೆರೀಬೇಕು" ಎಂದಿದ್ದ. ಅದೇ ಅವರಿಬ್ಬರ ನಡುವಿನ ಕೊನೆಯ ಮಾತು.

ಇಬ್ಬರೂ ಮುಖ ತಿರುಗಿಸಿಕೊಂಡು ಒಂದೇ ಬಗೆಯ ಮೌಸನ್ನು ಕೊಂಡರು. ಈ ಮೌಸುಗಳ ಜೊತೆ ಉಗುರಿನಷ್ಟು ಸಣ್ಣ ರಿಸೀವರ್ ಬರುತ್ತದೆ. ಅದನ್ನು ಕಂಪ್ಯೂಟರಿಗೆ ಚುಚ್ಚಬೇಕು, ಆಗಲೇ ಮೌಸ್ ಹೇಳಿದ್ದು ಕಂಪ್ಯೂಟರಿಗೆ ಕೇಳುವುದು. ಪರೀಕ್ಷೆಗೆಂದು ತೆರೆದ ಡಬ್ಬಿಗಳ ರಿಸೀವರುಗಳನ್ನೆಲ್ಲ ರಾಮಮೂರ್ತಿ ಒಂದು ಸ್ಟೀಲ್ ಲೋಟದಲ್ಲಿ ಹಾಕಿಟ್ಟಿದ್ದ. ಅದರಿಂದ ಒಂದನ್ನು ಇವನಿಗೆ, ಒಂದನ್ನು ಆಕೆಗೆ ಎತ್ತಿಕೊಟ್ಟ.

ಮನೆಗೆ ಬಂದು ಸುಬ್ಬರಾಮ ರಿಸೀವರ್ ಚುಚ್ಚಿ, ಹೊಸ ಮೌಸಿನ ಮೇಲೆ ಕೈಯಿಟ್ಟು, ನಾರಾಯಣಪ್ಪನ ನಕ್ಷೆ ತೆರೆದ. ಕೈಗೆ ಹಾಯೆನ್ನಿಸಿತು. ಮೌಸನ್ನು ಸರಿಸಿದ. ಪರದೆಯ ಮೇಲಿನ ಬಾಣ ಅಲುಗಲಿಲ್ಲ. ಇನ್ನೊಮ್ಮೆ ಸರಿಸಿದ, ಅಲುಗಲಿಲ್ಲ. ಬ್ಯಾಟರಿ ತೆಗೆದು ಹಾಕಿದ. ಕೊನೆಗೆ ಸೋತು ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ. ಆಗ ಬಾಣ ತಾನೇ ಹೊರಟಿತು. ನಡುಮನೆ ದಾಟಿ, ದೊಡ್ಡ ಮಲಗುವ ಕೋಣೆಯ ಗೋಡೆಯನ್ನು ಹಿಡಿದು, ಮೂರಡಿ ಒಳಕ್ಕೆ ಎಳೆದು ಬಿಟ್ಟಿತು.

"ಕಾಮಾಕ್ಷೀ!" ಎಂದು ಕೂಗಿದ.

ಅವಳು ಬರುವಷ್ಟರಲ್ಲಿ ಬಾಣ ವರಾಂಡದಲ್ಲಿ ಅಡ್ಡಾಡುತ್ತಿತ್ತು. ಗಾಬರಿಯಲ್ಲಿ ಸುಬ್ಬರಾಮ ತನ್ನ ಮೌಸನ್ನು ಹಿಂದೆ ಮುಂದೆ ಉಜ್ಜಿದ. ಗೋಡೆಯಾಚೆಯಿಂದ ಗಂಗರತ್ನಮ್ಮನ ದನಿ ಬಂತು. "ಅಯ್ಯೋ, ನನ್ನ ಆಟೀನ್ ರಾಣಿ ಎಲ್ಲಿಗ್ ಹೊಂಟ್ಳೇ!"

ಸುಬ್ಬರಾಮ ಕೈ ನಿಲ್ಲಿಸಿದ. ಆಚೆ ದನಿಯೂ ನಿಂತಿತು. ಒಂದಿಂಚು ಸರಿಸಿದ. "ಮತ್ತೆ ಹೊಂಟ್ಳು!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇವನ ಮೌಸು ಆಕೆಯ ಕಂಪ್ಯೂಟರನ್ನು ಆಳುತ್ತಿತ್ತು, ಆಕೆಯ ಮೌಸು ಇವನದನ್ನು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಒಂಬತ್ತು ಇಂಚು ಇರಬೇಕಾದ್ದನ್ನು ಜಾಗ ಉಳಿಯಲೆಂದು ನಾಲ್ಕೂವರೆಗೆ ಇಳಿಸಿದವನೂ ಸುಬ್ಬರಾಮನೇ. ಆ ಗೋಡೆಗೆ ಈ ಬದಿಯಲ್ಲಿ ಇವನ ಮೇಜು, ಆ ಬದಿಯಲ್ಲಿ ಆಕೆಯ ಮೇಜು.

"ಹೋಗಿ ಬಾಗಿಲು ತಟ್ಟಿ, ಅದಲು ಬದಲು ಮಾಡ್ಕೊಂಡು ಬನ್ನಿ. ಎರಡು ನಿಮಿಷದ ಕೆಲಸ" ಎಂದಳು ಕಾಮಾಕ್ಷಮ್ಮ.

"ನಾನು ಹೋಗಲ್ಲ. ನೀನು ಹೋಗು."

"ನಿಮ್ಮಿಬ್ಬರ ಜಗಳದಲ್ಲಿ ಮಧ್ಯೆ ಬರಲ್ಲ ಅಂತ ಗೃಹಪ್ರವೇಶದ ದಿವಸಾನೇ ಹೇಳಿದೀನಿ. ಆರು ವರ್ಷದಿಂದ ಆಕೆ ಹತ್ರ ಬರೀ ಹೂವಿನ ವಿಷಯ ಮಾತಾಡ್ತಿದೀನಿ."

ಸುಬ್ಬರಾಮ ರಾಮಮೂರ್ತಿಗೆ ಫೋನ್ ಮಾಡಿದ. "ಆಯಮ್ಮಾನೂ ಈಗ್ತಾನೆ ಮಾಡಿದ್ರು ಸಾರ್" ಎಂದ ರಾಮಮೂರ್ತಿ. "ಇಬ್ರೂ ಜೊತೇಲಿ ಬನ್ನಿ, ಬದಲಾಯಿಸಿ ಕೊಡ್ತೀನಿ. ಒಬ್ರೇ ಬಂದ್ರೆ ನಾನೇನ್ ಮಾಡ್ಲಿ? ಒಂದೇ ಆಟೋದಲ್ಲಿ ಬಂದ್ರೆ ನಿಮ್ಗೂ ಒಳ್ಳೇದು."

ಒಂದೇ ಆಟೋ ಎಂಬ ಮಾತು ಕೇಳಿ ಸುಬ್ಬರಾಮ ಫೋನ್ ಇಟ್ಟುಬಿಟ್ಟ.

ಸಿಟ್ಟಿನಲ್ಲಿ ರಿಸೀವರನ್ನು ಕಿತ್ತ. ಅರ್ಧ ನಿಮಿಷದಲ್ಲಿ ಆಚೆಯೂ ಏನೋ ಕಿತ್ತ ಸದ್ದಾಯಿತು. ಈಗ ಎರಡು ಮೌಸೂ ಸತ್ತವು. ಹಳೆಯ ವೈರಿನ ಮೌಸನ್ನು ಹಿಡಿದ. ಹೆಬ್ಬೆರಳು ಅಯ್ಯೋ ಎಂದಿತು. ಹೊಸದರ ಮೇಲೆ ಸುಮ್ಮನೆ ಕೈಯಿಟ್ಟ. ಅದರಿಂದ ಒಂದು ಗೆರೆ ಎಳೆಯಲೂ ಆಗುತ್ತಿರಲಿಲ್ಲ, ಆದರೂ ಕೈ ಅದನ್ನು ಬಿಡಲೊಲ್ಲದು. ಅಷ್ಟು ಸುಖವಾದದ್ದನ್ನು ಜೀವವಿಲ್ಲದೆ ಇಡುವುದು ಸರಿಯೆನಿಸದೆ ರಿಸೀವರನ್ನು ಮತ್ತೆ ಚುಚ್ಚಿದ. ಆಚೆಯೂ ಚುಚ್ಚಿದರು.

ಹೀಗೆ ಮೂರು ದಿನ ನಡೆಯಿತು. ಸುಬ್ಬರಾಮ ಎಡಗೈಯಲ್ಲಿ ಹಳೆಯ ಮೌಸ್ ಹಿಡಿದು ತಪ್ಪು ತಪ್ಪಾಗಿ ಕೆಲಸ ಮಾಡುತ್ತಿದ್ದ, ಬಲಗೈಯನ್ನು ಹೊಸದರ ಮೇಲೆ ಆರಾಮಕ್ಕೆ ಬಿಟ್ಟಿರುತ್ತಿದ್ದ. ಯೋಚನೆ ಮಾಡುವಾಗ ಬಲಗೈ ತಾನಾಗಿ ಅಲ್ಲಾಡುತ್ತಿತ್ತು. ಆಚೆಯಿಂದ ಒಮ್ಮೆ ಬೈಗುಳ ಬರುತ್ತಿತ್ತು, ಒಮ್ಮೊಮ್ಮೆ ಅರ್ಥವಾಗದ ಹಾಗೆ "ಭಲೇ" ಎಂಬ ಮಾತು ಬರುತ್ತಿತ್ತು. ಗಂಗರತ್ನಮ್ಮನ ಕೈಯೂ ಸುಮ್ಮನಿರುತ್ತಿರಲಿಲ್ಲ. ನಾರಾಯಣಪ್ಪನ ನಕ್ಷೆಯಲ್ಲಿ ದಿನಕ್ಕೆರಡು ಗೋಡೆ ಸರಿದಾಡುತ್ತಿದ್ದವು. ಸಂಜೆ ಅವನ್ನು ಸ್ವಸ್ಥಾನಕ್ಕೆ ತಂದು ಮಲಗಿದರೆ ಬೆಳಿಗ್ಗೆ ಮತ್ತೆ ಹೊರಡುತ್ತಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ, ಗೆರೆ ಎಳೆಯುವ ಕಮಾಂಡನ್ನು ಹಾಗೇ ಬಿಟ್ಟು ಸುಬ್ಬರಾಮ ನೀರು ಕುಡಿಯಲು ಎದ್ದುಹೋಗಿದ್ದ. ಬಂದು ನೋಡಿದರೆ ನಡುಮನೆಯ ಮೇಲೆ ಅಡ್ಡಾದಿಡ್ಡಿ ಅಕ್ಷರಗಳು. ಕಾಮಾಕ್ಷಮ್ಮ ಕನ್ನಡಕ ಹಾಕಿಕೊಂಡು, ಒಂದನೇ ಕ್ಲಾಸಿನ ಮಗುವಿನ ಸ್ಲೇಟು ಓದುವಂತೆ ತಲೆ ಓರೆ ಮಾಡಿ ಓದಿದಳು. "ಬಾ... ಗಿ... ಲು. ಬಾಗಿಲು."

"ಬಾಗಿಲು ತೆಗೀರಿ ಅಂತಲಾ? ಹೊರಗೆ ನಿಂತಿದಾರಾ?"

"ಹೊರಗೆ ಯಾರೂ ಇಲ್ಲ. ಯಾವ ಬಾಗಿಲು ಅಂತ ನಿಮಗೆ ಗೊತ್ತಿಲ್ವಾ?"

ಸುಬ್ಬರಾಮ ಕೂತು, ಮೌಸನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಇಲ್ಲ ಎಂದು ತಲೆಯಾಡಿಸುವಂತೆ ಆಡಿಸಿದ. ಆಮೇಲೆ ಅವನ ಪರದೆಯಲ್ಲಿ ಬಾಣ ಸರಸರನೆ ಓಡಾಡತೊಡಗಿತು. ತಾನು ಬರೆಯುತ್ತಿರುವುದು ಗಂಗರತ್ನಮ್ಮನಿಗೆ ಕಾಣುತ್ತಿರಲಿಲ್ಲ, ಕುರುಡುಗೈಯಲ್ಲೇ ಗೆರೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಅಡುಗೆಮನೆಯ ಗೋಡೆ ಹೊರಕ್ಕೆ ಹೋಯಿತು. ಮಲಗುವ ಕೋಣೆ ಕುಗ್ಗಿತು. ಬಚ್ಚಲಿನ ಬಾಗಿಲು ಒಳಕ್ಕೆ ತಿರುಗಿತು. ಹಿತ್ತಲ ಕಡೆ ಎಲ್ಲೂ ಇಲ್ಲದ ಒಂದು ಜಗಲಿ ಹುಟ್ಟಿಕೊಂಡಿತು. ಸುಬ್ಬರಾಮ ಎಡಗೈಯಲ್ಲಿ ಒಂದನ್ನು ಅಳಿಸಿದರೆ ಆಕೆ ಎರಡು ಹಾಕುತ್ತಿದ್ದಳು.

ಈ ಕಾಳಗ ಸಂಜೆಯಾದರೂ ನಡೆದಿರುವಾಗಲೇ ಹೊರಗೆ ಮೊಪೆಡ್ ನಿಂತಿತು. ನಾರಾಯಣಪ್ಪನೂ ಅವನ ಹೆಂಡತಿ ಅಂಜಮ್ಮನೂ ಒಳಗೆ ಬಂದರು. ಹೇಳಿ ಬರುವ ಅಭ್ಯಾಸ ಅವರದಲ್ಲ.

"ಸಾಮಿ, ಪ್ಲಾನ್ ಆಯ್ತಾ? ಇವ್ಳು ನೋಡ್ಲೇಬೇಕು ಅಂತ ಕುಂತವ್ಳೆ" ಎಂದ ನಾರಾಯಣಪ್ಪ.

ಸುಬ್ಬರಾಮ ಪರದೆಗೆ ಅಡ್ಡ ನಿಂತ. "ಇನ್ನೂ... ಸ್ವಲ್ಪ ರಿಪೇರಿ ಇದೆ."

ಅಂಜಮ್ಮ ಅವನ ಪಕ್ಕದಿಂದ ಬಗ್ಗಿ ನೋಡಿದಳು. ಗೋಡೆಗಳು ಎಲ್ಲೆಲ್ಲಿವೆ ಎಂದು ಬೆರಳಿಟ್ಟು ಕೇಳಿ ತಿಳಿದುಕೊಂಡಳು. ನೋಡುತ್ತಾ ನೋಡುತ್ತಾ ಕೆಳಗೆ ಕೂತೇಬಿಟ್ಟಳು.

"ಇದ್ಯಾರ್ ಬರ್ದಿದ್ದು ಸಾಮಿ?"

"ಯಾಕಮ್ಮಾ?"

"ಹಿಂದಿನ್ ಸಲ ನೀವು ಕೊಟ್ಟಿದ್ರಾಗೆ ಅಡ್ಗೆಮನೇಲಿ ನಾನ್ ತಿರುಕ್ಕಂಡ್ರೆ ಗ್ವಾಡೆ ತಗುಲ್ತಿತ್ತು. ಈಗ್ ನೋಡಿ, ಟಗರ್ ತಂದು ಕಟ್ಬೋದು. ಹಿತ್ಲಾಗೆ ಕುಂತ್ಕಂಡು ಸೊಪ್ಪು ಬಿಡ್ಸಾಕೆ ಜಗ್ಲಿ ಐತೆ. ಇದು ನಿಮ್ ಕೈ ಅಲ್ಲ. ಹೆಂಗುಸ್ರು ಕೈ."

"ಮಲಗೋ ರೂಮು ಸಣ್ಣದಾಗೈತಲ್ಲಮ್ಮೀ" ಎಂದ ನಾರಾಯಣಪ್ಪ.

"ಮನೀಕಣಾಕೆ ಎಷ್ಟ್ ಜಾಗ ಬೇಕ್ಲಾ ನಿಂಗೆ? ಇದ್ನ ಬರ್ದೋರ್ನ ಕರೀರಿ ಸಾಮಿ. ಗುದ್ಲಿ ಪೂಜೆಗೆ ಅವ್ರೂ ಬರ್ಬೇಕು."

ಸುಬ್ಬರಾಮನಿಗೆ ಕಿವಿಯೆಲ್ಲ ಬಿಸಿಯಾಯಿತು. ಇಪ್ಪತ್ತೊಂಬತ್ತು ವರ್ಷ ಗೆರೆ ಎಳೆದವನ ಕೆಲಸಕ್ಕೆ ಗೋಡೆ ತಗುಲುತ್ತದೆ, ಕಣ್ಣು ಮುಚ್ಚಿಕೊಂಡು ಎಳೆದವಳ ಕೆಲಸದಲ್ಲಿ ಟಗರು ಕಟ್ಟಬಹುದು. ಸುಳ್ಳು ಹೇಳೋಣವೆಂದು ಬಾಯಿ ತೆರೆದ. ಆ ಹೊತ್ತಿಗೇ ಪರದೆಯ ಬಾಣ ತಾನಾಗಿ ಎದ್ದು ಜಗಲಿಗೆ ಎರಡು ಮೆಟ್ಟಿಲು ಹಾಕಿತು. ಮೌಸಿನ ಮೇಲೆ ಯಾರ ಕೈಯೂ ಇರಲಿಲ್ಲ. ಅಂಜಮ್ಮ ಕೈಮುಗಿದಳು. ನಾರಾಯಣಪ್ಪ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಸುಬ್ಬರಾಮ ಎದ್ದ. ತನ್ನ ಬಾಗಿಲಿಂದ ಆಕೆಯ ಬಾಗಿಲಿಗೆ ಹನ್ನೊಂದು ಹೆಜ್ಜೆ. ಆ ಹನ್ನೊಂದನ್ನು ಇಡುವಾಗ ಅವನಿಗೆ ಕೃಷ್ಣಗಿರಿಯವರೆಗೆ ನಡೆದಷ್ಟು ಆಯಾಸವಾಯಿತು. ಬಾಗಿಲು ತಟ್ಟಿದ.

ಗಂಗರತ್ನಮ್ಮ ತೆರೆದು, ಅವನನ್ನೂ ಅವನ ಹಿಂದೆ ಬಂದ ಮೂವರನ್ನೂ ನೋಡಿದಳು.

"ಬೆಳಿಗ್ಗೆ ಬಾಗಿಲು ಅಂತ ಬರೆದ್ರೆ ಸಾಯಂಕಾಲ ಬಂದ್ರಾ?"

"ಗಂಗರತ್ನಮ್ಮನೋರೇ, ಇವರು ಸೂಳಗಿರಿಯವರು. ನೀವು... ನೀವು ಇವರ ಮನೆ ಬರೆದಿದೀರಿ."

"ನಾನ್ಯಾವ ಮನೆ ಬರ್ದೆ? ನಿಮ್ಮ ಕಂಪ್ಯೂಟರ್ ಕೆಡಿಸೋಣ ಅಂತ ಗೀಚಿದ್ದು!"

"ಕೆಡ್ಲಿಲ್ಲ" ಎಂದ ಸುಬ್ಬರಾಮ.

ಗಂಗರತ್ನಮ್ಮ ಬಾಗಿಲಿನಿಂದ ಸರಿದು ನಿಂತಳು. "ಒಳಗೆ ಬನ್ನಿ ಎಲ್ಲಾರೂ. ಬಚ್ಚಲಿಗೆ ಮಾತ್ರ ಯಾರೂ ಹೋಗ್ಬೇಡಿ, ನಾನು ಕಾಫಿ ಮಾಡ್ಬೇಕು." ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮ ಕೈಗುಣ ಏನೂ ತೆಗೆದುಹಾಕೋ ಹಾಗಿಲ್ಲ ಸುಬ್ಬರಾಮ್ ಅವ್ರೇ. ಆರು ತಿಂಗಳಿಂದ ಗೆಲ್ಲದ ಆಟ ಈ ನಾಲ್ಕು ದಿವಸದಲ್ಲಿ ಮೂರು ಸಲ ಗೆದ್ದಿದೀನಿ" ಎಂದಳು.

ಮರುದಿನ ಸುಬ್ಬರಾಮ ಕೆಲಮಂಗಲದಿಂದ ಕರೆಸಿದ ಬಡಗಿ ಬಂದು ಗಂಗರತ್ನಮ್ಮನ ಬಚ್ಚಲಿನ ಬಾಗಿಲನ್ನು ಕಳಚಿ ಒಳಕ್ಕೆ ತೆರೆಯುವ ಹಾಗೆ ಕೂರಿಸಿದ. ಅರ್ಧ ಗಂಟೆ ಹಿಡಿಯಿತು. ರಿಸೀವರುಗಳ ಅದಲು ಬದಲಿಗೆ ಅಷ್ಟೂ ಹಿಡಿಯಲಿಲ್ಲ. ಈಗ ಸುಬ್ಬರಾಮನ ಮೌಸು ಸುಬ್ಬರಾಮನ ಮಾತು ಕೇಳಿತು. ಅವನು ಉತ್ಸಾಹದಿಂದ ಕೂತು ನಾರಾಯಣಪ್ಪನ ಮನೆಗೆ ಕಿಟಕಿ ಹಾಕತೊಡಗಿದ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಊದಿಕೊಂಡಿತು.

ಅವನಿಗೆ ದಿಕ್ಕು ತೋಚಲಿಲ್ಲ. ಅದೇ ಮೌಸು, ಅದೇ ಕೈ. ಕಾಮಾಕ್ಷಮ್ಮ ಅವನ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಗಂಟೆ ಅವನ ಕೈಯನ್ನೇ ನೋಡಿದಳು. ಅವನು ಗೋಡೆಯ ಗೆರೆ ಸರಿಸುವಾಗ ಹಲ್ಲು ಕಚ್ಚಿ, ನಿಜವಾದ ಗೋಡೆಯನ್ನೇ ತಳ್ಳುವವನಂತೆ ಮೌಸನ್ನು ಅದುಮುತ್ತಿದ್ದ.

"ಗೊತ್ತಾಯ್ತು ರೀ. ನಿಮ್ಮ ಕೈಗೆ ಹೊಂದೋದು ಈ ಮೌಸೇ. ಆದ್ರೆ ಅದು ಕೆಲಸ ಮಾಡಬಾರದು" ಎಂದಳು.

ಅಂದು ಸಂಜೆ ಸುಬ್ಬರಾಮ ರಿಸೀವರನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದ. ಗಂಗರತ್ನಮ್ಮ ತನ್ನದನ್ನು ಆಗಲೇ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಸರಿಯಾದ ಮೌಸಿನಲ್ಲಿ ಆಕೆ ಬೆಳಗಿನಿಂದ ಒಂದೂ ಆಟ ಗೆದ್ದಿರಲಿಲ್ಲ.

ರಿಸೀವರುಗಳು ಮತ್ತೆ ಅದಲು ಬದಲಾಗಿ, ಅಂದಿನಿಂದ ಕೆಲಸ ಹೊಸ ಕ್ರಮದಲ್ಲಿ ನಡೆಯಿತು. ಬೆಳಿಗ್ಗೆ ಒಂಬತ್ತಕ್ಕೇ ಇಬ್ಬರೂ ಗೋಡೆಯ ಎರಡು ಬದಿಯಲ್ಲಿ ಕೂರುತ್ತಿದ್ದರು. ಮೇಲಿನ ಗವಾಕ್ಷಿಯಿಂದ ಮಾತು ಸಲೀಸಾಗಿ ದಾಟುತ್ತಿತ್ತು.

"ಎಡಕ್ಕೆ... ಇನ್ನೂ ಎಡಕ್ಕೆ... ಸಾಕು, ಒತ್ತಿ. ಈಗ ಕೆಳಕ್ಕೆ ಎಳೀರಿ" ಎನ್ನುತ್ತಿದ್ದ ಸುಬ್ಬರಾಮ.

"ಎಳೆದೆ. ನೀವು ಮೇಲಕ್ಕೆ ಹೋಗಿ. ಸಾಕು, ಕಳಾವರ್ ಏಳು ಸಿಕ್ತು. ಅದನ್ನ ಎತ್ಕೊಂಡು ಬಲಗಡೆ ಕೆಂಪು ಎಂಟರ ಮೇಲೆ ಇಡಿ."

"ಇಟ್ಟೆ. ಈಗ ಎಳೆದ ಅಡುಗೆಮನೆ ಗೋಡೆಗೆ ಕಿಟಕಿ ಬೇಡ್ವಾ?"

"ಅಲ್ಲಿ ಬೇಡ. ಒಲೆ ಮುಂದೆ ಗಾಳಿ ಬೀಸಿದ್ರೆ ಉರಿ ನಿಲ್ಲುತ್ತಾ? ಸ್ವಲ್ಪ ಆಚೆ ಹಾಕ್ತೀನಿ, ಎಲ್ಲಿ ಬಂತು ಹೇಳಿ."

ಸುಬ್ಬರಾಮನ ಕಂಪ್ಯೂಟರಿನಲ್ಲಿ ಏನಾಗಬೇಕೆಂದು ಅವನು ಹೇಳಬೇಕು, ಮಾಡುವುದು ಆಕೆ. ಆಕೆಯ ಇಸ್ಪೀಟನ್ನು ಆಕೆ ಹೇಳಿದಂತೆ ಎತ್ತಿಡುವುದು ಇವನು. ಕಾಮಾಕ್ಷಮ್ಮ ಶಾಲೆಗೆ ಹೊರಡುವಾಗ ಒಂದು ದಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ, ಛತ್ರಿ ತೆಗೆದುಕೊಂಡು ಹೋದಳು. ರಾಮಮೂರ್ತಿ ಕ್ಷಮೆ ಕೇಳಲೆಂದು ಹೊಸ ರಿಸೀವರುಗಳನ್ನು ಜೇಬಿನಲ್ಲಿಟ್ಟುಕೊಂಡು ತಾನೇ ಮನೆಗೆ ಬಂದ. ಇಬ್ಬರೂ ಒಟ್ಟಿಗೆ ಬೇಡವೇ ಬೇಡ ಎಂದು ಅವನನ್ನು ಓಡಿಸಿದರು. ಆರು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಒಂಬತ್ತು ದಿನದಲ್ಲಿ ನಾರಾಯಣಪ್ಪನ ನಕ್ಷೆ ಮುಗಿಯಿತು. ಸುಬ್ಬರಾಮನ ಹೆಬ್ಬೆರಳು ತಣ್ಣಗಿತ್ತು.

ಗುದ್ದಲಿ ಪೂಜೆಗೆ ಸುಬ್ಬರಾಮ, ಕಾಮಾಕ್ಷಮ್ಮ, ಗಂಗರತ್ನಮ್ಮ ಮೂವರೂ ಬಸ್ಸಿನಲ್ಲಿ ಸೂಳಗಿರಿಗೆ ಹೋದರು. ಹೊಲದಂಚಿನ ಬಯಲಲ್ಲಿ ಮೇಸ್ತ್ರಿ ನಕ್ಷೆ ನೋಡಿಕೊಂಡು ಸುಣ್ಣದ ಪುಡಿಯಲ್ಲಿ ಮನೆಯನ್ನು ನೆಲದ ಮೇಲೆ ಬರೆದಿದ್ದ. ಪೂಜೆ ಮುಗಿದದ್ದೇ ಅಂಜಮ್ಮ ಸೆರಗು ಸಿಕ್ಕಿಸಿಕೊಂಡು ಮುಂಬಾಗಿಲಿನಿಂದ ಒಳಗೆ ಹೋದಳು. ಬಾಗಿಲೆಂದರೆ ಸುಣ್ಣದ ಗೆರೆ ತುಂಡಾಗಿದ್ದ ಜಾಗ. ನಡುಮನೆ ದಾಟಿ ಅಡುಗೆಮನೆಗೆ ಹೋಗಿ, ಒಲೆಯ ಜಾಗದಲ್ಲಿ ಕೂತು, ಕೈಯಲ್ಲಿ ಏನೂ ಇಲ್ಲದೆ ಮುದ್ದೆ ತೊಳಸಿದಳು. ಎದ್ದು ಪೂರ್ತಿ ಒಂದು ಸುತ್ತು ತಿರುಗಿದಳು. ಎಲ್ಲಿಯೂ ಏನೂ ತಗುಲಲಿಲ್ಲ. ಜಗಲಿಗೆ ಬಂದು ಇಲ್ಲದ ಸೊಪ್ಪನ್ನು ಬಿಡಿಸುತ್ತಾ ಕೂತಳು.

ಗಂಗರತ್ನಮ್ಮ ಸುಬ್ಬರಾಮನ ಕಡೆ ನೋಡದೆ, ಅವನಿಗೆ ಮಾತ್ರ ಕೇಳಿಸುವ ಹಾಗೆ, "ಮೆಟ್ಟಿಲು ಇನ್ನೊಂದು ಬೇಕಿತ್ತೇನೋ" ಎಂದಳು.

"ಹಾಕೋಣ. ಇನ್ನೂ ಸುಣ್ಣ ತಾನೆ" ಎಂದ ಅವನು.

ನಾರಾಯಣಪ್ಪ ಊಟಕ್ಕೆ ಎಲೆ ಹಾಕಿದೆಯೆಂದು ಕರೆಯಲು ಹೊಲದ ಕಡೆಯಿಂದ ನೇರ ನಡೆದು ಬಂದ.

"ಅಯ್ ಅಯ್ ಅಯ್!" ಎಂದು ಅಂಜಮ್ಮ ಕೂತಲ್ಲಿಂದಲೇ ಕಿರುಚಿದಳು. "ಗ್ವಾಡೆ ಮ್ಯಾಲೇ ನಡ್ಕಂಡ್ ಬತ್ತೀಯಲ್ಲಾ, ಕಣ್ ಕಾಣಾಕಿಲ್ವಾ? ಸುತ್ಕಂಡ್ ಬಾಗ್ಲಾಗ್ ಬಾ!"

ನಾರಾಯಣಪ್ಪ ತಬ್ಬಿಬ್ಬಾಗಿ ಕಾಲೆತ್ತಿಕೊಂಡ. ಹಿಂದಕ್ಕೆ ಹೋಗಿ, ಮನೆಯನ್ನು ಪೂರ್ತಿ ಸುತ್ತು ಹಾಕಿ, ಮುಂಬಾಗಿಲ ಹತ್ತಿರ ಬಂದು ಕಾಲು ಒರೆಸಿಕೊಂಡ. ಅವನ ಹಿಂದೆ ಪುರೋಹಿತರು, ಮೇಸ್ತ್ರಿ, ನೆಂಟರು ಒಬ್ಬೊಬ್ಬರಾಗಿ ಸಾಲು ನಿಂತರು. ಸುತ್ತಲೂ ಬಟಾಬಯಲು, ಎಲ್ಲಿಂದ ಬೇಕಾದರೂ ನಡೆದುಹೋಗಬಹುದಿತ್ತು. ಸುಬ್ಬರಾಮನೂ ಗಂಗರತ್ನಮ್ಮನೂ ಸಾಲಿನ ಕೊನೆಗೆ ಸೇರಿಕೊಂಡರು. ಬಿಸಿಲು ಏರುತ್ತಿತ್ತು. ಕಾಮಾಕ್ಷಮ್ಮ ಛತ್ರಿ ಬಿಡಿಸಿ ಮೂವರ ತಲೆಗೂ ಬರುವಂತೆ ಹಿಡಿದಳು.